ಹಣೆಯ ಹಿಂದಿನ ಮಿದುಳು

ಕೇಳುಗರಿಗೆ ನಮಸ್ಕಾರ. ಮೈಸೂರಿನ ಬಾನುಲಿಯನ್ನು 1935ರಲ್ಲಿ ಶುರುಮಾಡಿದವರೇ ಒಬ್ಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಎಂ. ವಿ. ಗೋಪಾಲಸ್ವಾಮಿ. ಮನಸ್ಸು ಕೆಡುವ ವಿಷಯವನ್ನು ಇಲ್ಲಿ ಮಾತಾಡಲು ಸಂಕೋಚ ಬೇಡ.

ಬೈಕಿನಿಂದ ಬಿದ್ದವರು ಆಸ್ಪತ್ರೆಯಿಂದ ಬಂದ ಮೇಲೆ ಮಂಡ್ಯದ ಕಡೆ ಮನೆಯವರು ಹೇಳುವುದುಂಟು: ‘ಗಾಯ ವಾಸಿಯಾಯ್ತು, ಮನುಷ್ಯ ಮಾತ್ರ ಮೊದಲಿನಂಗಿಲ್ಲ.’ ಹಣೆಯ ಹಿಂದಿರುವ ಫ್ರಾಂಟಲ್ ಲೋಬ್‌ಗೆ ಏಟಾದಾಗ ನಡಿಗೆ, ಮಾತು, ಹಳೆಯ ನೆನಪು ಎಲ್ಲ ಸರಿಯಾಗಿಯೇ ಇದ್ದು, ನಡವಳಿಕೆ ಮಾತ್ರ ಕೆಡಬಹುದು.

ಕಣ್ಣುಗುಡ್ಡೆಯ ಮೇಲ್ಗಡೆ ಬರುವ ತಳಭಾಗ ಕೆಟ್ಟರೆ ಕಡಿವಾಣ ಹೋಗುತ್ತದೆ: ಬೀಗರ ಎದುರೇ ಬೈಗುಳ, ಕೈಗೆ ಸಿಕ್ಕಷ್ಟೂ ಖರ್ಚು, ಈಗ ಸಿಟ್ಟು, ಈಗಲೇ ನಗು. ಅಲ್ಲಿ ತಲೆಬುರುಡೆಯ ಒಳಮೈ ಒರಟು. ತಲೆಯ ಹಿಂಬದಿ ನೆಲಕ್ಕೆ ಬಡಿದರೂ ಮಿದುಳು ಮುಂದಕ್ಕೆ ಜಾರಿ ಅಲ್ಲೇ ತರಚಿಕೊಳ್ಳುತ್ತದೆ. ಹೊರಮಗ್ಗುಲು ಕೆಟ್ಟರೆ ಕೆಲಸದ ಸರಣಿ ತಪ್ಪುತ್ತದೆ.

ಒಳಮಗ್ಗುಲು ಕೆಟ್ಟರೆ ಉತ್ಸಾಹವೇ ಬತ್ತುತ್ತದೆ. ‘ಸ್ನಾನಕ್ಕೆ ಏಳಿ’ ಅಂದರೆ ‘ಹೂಂ’ ಅಂದು, ತೊಡೆಯ ಮೇಲೆ ಟವೆಲ್ ಇಟ್ಟುಕೊಂಡು, ಹಂಡೆಯ ನೀರು ಆರುವವರೆಗೂ ಕೂತೇ ಇರುತ್ತಾರೆ. ಅದನ್ನು ಸೋಮಾರಿತನ ಅನ್ನುವುದು ಅನ್ಯಾಯ. ಖಿನ್ನತೆ ಅಂತಲೂ ತಪ್ಪು ತಿಳಿಯುತ್ತಾರೆ. ಖಿನ್ನತೆಯಲ್ಲಿ ಒಳಗೊಳಗೇ ಸಂಕಟವಿರುತ್ತದೆ. ಇವರಿಗೆ ಸಂಕಟವೂ ಹತ್ತುವುದಿಲ್ಲ. ಎರಡೂ ಒಟ್ಟಿಗಿರಬಹುದು, ಬೇರೆ ಮಾಡಿ ನೋಡಬೇಕಾದವರು ವೈದ್ಯರು.

ಅವರು ಮಾಡಿಸುವ ಒಂದು ಪರೀಕ್ಷೆ ನೋಡಿ. ಮೇಜಿನ ಮೇಲೆ ಮೊದಲು ಮುಷ್ಟಿ, ಆಮೇಲೆ ಅಂಗೈಯ ಅಂಚು, ಆಮೇಲೆ ಚಪ್ಪಟೆ ಅಂಗೈ. ವೈದ್ಯರು 3 ಸಲ ತೋರಿಸಿ, 3 ಸಲ ಜೊತೆಯಲ್ಲಿ ಮಾಡಿಸಿ, ಆಮೇಲೆ ರೋಗಿಗೇ ಬಿಡುತ್ತಾರೆ. ಒಬ್ಬರೇ 6 ಸಲ ತಪ್ಪದೆ ಮಾಡಿದರೆ ಪೂರ್ತಿ ಅಂಕ. ಫ್ರಾಂಟಲ್ ಲೋಬ್ ಕೆಟ್ಟವರಲ್ಲಿ ಕೆಲವರು ಬಾಯಲ್ಲಿ ಕ್ರಮ ಸರಿಯಾಗಿ ಹೇಳುತ್ತಲೇ ಮತ್ತೆ ಮತ್ತೆ ಮುಷ್ಟಿಯನ್ನೇ ಇಡುತ್ತಾರೆ. ತಿಳಿದದ್ದು ಕೈಗೆ ಇಳಿಯುವುದಿಲ್ಲ. ಬುದ್ಧಿವಾದ ಹೇಳಿ ಉಪಯೋಗವಿಲ್ಲದಿರುವುದು ಇದಕ್ಕೇ.

ಪೆಟ್ಟೇ ಬೀಳಬೇಕೆಂದಿಲ್ಲ. ಪಾರ್ಶ್ವವಾಯು, ಗೆಡ್ಡೆ, ಹೆಚ್ಚಾಗಿ 45ರಿಂದ 65ರೊಳಗೆ ಶುರುವಾಗುವ ಒಂದು ಬಗೆಯ ಮರೆವಿನ ಕಾಯಿಲೆಯೂ ಹೀಗೆ ಮಾಡುತ್ತವೆ. ಆ ಕಾಯಿಲೆಯಲ್ಲಿ ಮರೆವಿಗಿಂತ ಮೊದಲು ಸ್ವಭಾವ ಬದಲಾಗುತ್ತದೆ.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಮಾತು ಹೇಳಿ: ‘ಏಳಿ’. ಎದ್ದ ಮೇಲೆ ‘ಬಚ್ಚಲಿಗೆ ಬನ್ನಿ’. ಊಟ, ಸ್ನಾನ, ನಿದ್ದೆ ದಿನವೂ ಅದೇ ಹೊತ್ತಿಗೆ ಆಗಲಿ. ಎಟಿಎಂ ಕಾರ್ಡು, ಬೈಕಿನ ಕೀಲಿ ಬೇರೆಯವರ ಹತ್ತಿರ ಇರಲಿ. ವೈದ್ಯರ ಹತ್ತಿರ ರೋಗಿಯನ್ನು ಒಬ್ಬರನ್ನೇ ಕಳಿಸಬೇಡಿ. ಅವರು ‘ನನಗೇನೂ ಆಗಿಲ್ಲ’ ಅನ್ನುತ್ತಾರೆ, ಮತ್ತು ಹಾಗೆಂದೇ ನಂಬಿರುತ್ತಾರೆ. ಏನು, ಯಾವಾಗಿನಿಂದ ಬದಲಾಯಿತೆಂದು ನೀವೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.