ಬೀದರಿನ ಕೆಮ್ಮಣ್ಣಿನಲ್ಲಿ ಸೆಲೆರಿಯಾಕ್

ನಮಸ್ಕಾರ. ಬೀದರಿನ ನಮ್ಮ ಹಿತ್ತಲಿನಲ್ಲಿ ಮೂರು ಚಳಿಗಾಲಗಳಿಂದ ನಾನು ಸೆಲೆರಿಯಾಕ್, ಅಂದರೆ ಗಡ್ಡೆಗಾಗಿ ಬೆಳೆಸುವ ಸೆಲೆರಿಯ ತಳಿ, ಬೆಳೆಯುತ್ತಿದ್ದೇನೆ. ಈ ಗಡ್ಡೆಯನ್ನು ಆಲೂಗಡ್ಡೆಗೆ ಬದಲಿ ಎಂದು ಹೇಳಿಕೊಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಇದು ಕೊತ್ತಂಬರಿ, ಜೀರಿಗೆ, ಅಜವಾನಗಳ ಕುಟುಂಬಕ್ಕೆ ಸೇರಿದ್ದು. ಹಿಟ್ಟಿನಂಶ ಕಡಿಮೆ, ಪರಿಮಳ ಹೆಚ್ಚು. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಇದರ ಜಾಗ ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸುವ ಭಜ್ಜಿಯ ಪಾತ್ರೆಯಲ್ಲಿದೆ.

ಬೆಳೆಯುವಾಗ ತಾಳ್ಮೆ ಬೇಕು. ಬೀಜ ಸಾಸಿವೆಗಿಂತಲೂ ಸಣ್ಣದು. ಮೊಳೆಯಲು ಅದಕ್ಕೆ ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚದೆ, ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು. ಮೊಳಕೆ ಕಾಣಿಸಲು ಎರಡು ಮೂರು ವಾರ ಹಿಡಿಯುತ್ತದೆ. ನಮ್ಮ ಚಳಿಗಾಲ ಚಿಕ್ಕದು, ಸಸಿ ನೆಟ್ಟ ಮೇಲೆ ಗಡ್ಡೆ ಕಟ್ಟಲು ನೂರು ದಿನಗಳಿಗೂ ಹೆಚ್ಚು ಬೇಕು. ಆದ್ದರಿಂದ ಆಗಸ್ಟ್ ಮೊದಲ ವಾರದಲ್ಲಿಯೇ ನೆರಳಿನಲ್ಲಿ ಸಸಿ ಮಾಡಿ, ಅಕ್ಟೋಬರ್ ಹೊತ್ತಿಗೆ ನೆಡುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ನಮ್ಮ ಜಂಬಿಟ್ಟಿಗೆಯ ಕೆಮ್ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಸೆಲೆರಿಯಾಕ್ ಆದರೋ ಮೂಲತಃ ಜೌಗುನೆಲದ ಸಸ್ಯ. ಮೊದಲ ವರ್ಷ ನಾನು ಊರಿಗೆ ಹೋಗಿ ಒಂದು ವಾರ ನೀರು ತಪ್ಪಿಸಿದ್ದರಿಂದ ಗಡ್ಡೆಗಳು ನಿಂಬೆಹಣ್ಣಿನ ಗಾತ್ರಕ್ಕೇ ನಿಂತುಬಿಟ್ಟವು. ಈಗ ಪಾತಿಗೆ ತಿಪ್ಪೆಗೊಬ್ಬರ ಧಾರಾಳವಾಗಿ ಬೆರೆಸಿ, ಮೇಲೆ ಕಬ್ಬಿನ ರವದಿ ಹೊದಿಸಿ, ದಿನ ಬಿಟ್ಟು ದಿನ ನೀರುಣಿಸುತ್ತೇನೆ. ಗಡ್ಡೆ ಉಬ್ಬತೊಡಗಿದ ಮೇಲೆ ಬುಡದ ಹಳೆಯ ಎಲೆಗಳನ್ನು ಕಿತ್ತು ಅದರ ಹೆಗಲನ್ನು ಬಯಲಾಗಿಡಬೇಕು, ಮಣ್ಣು ಏರಿಸಬಾರದು.

ಕಿತ್ತಾಗ ಅದು ನೋಡಲು ಚೆಂದವಿರುವುದಿಲ್ಲ. ಬೇರುಗಳು ಜಡೆಗಟ್ಟಿ, ಅವುಗಳ ಸಂದಿಯಲ್ಲೆಲ್ಲ ಕೆಮ್ಮಣ್ಣು ಮೆತ್ತಿರುತ್ತದೆ. ತೊಳೆದು, ಎರಡೂ ತುದಿ ಕೊಯ್ದು, ಚಾಕುವಿನಿಂದ ದಪ್ಪವಾಗಿಯೇ ಸಿಪ್ಪೆ ತೆಗೆಯಬೇಕು. ಹೋಯಿತಲ್ಲ ಎಂದು ಕೊರಗುವುದು ಬೇಡ. ಒಳಗಿನ ಬಿಳಿ ತಿರುಳು ಗಾಳಿಗೆ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ, ಅದಕ್ಕೇ ಹೋಳುಗಳು ನೇರವಾಗಿ ನಿಂಬೆರಸ ಹಿಂಡಿದ ನೀರಿಗೆ ಬೀಳಬೇಕು.

ಕಳೆದ ಎಳ್ಳಮಾವಾಸ್ಯೆಗೆ ಇನ್ನೂ ಬಲಿಯದ ಎರಡು ಗಡ್ಡೆ ಕಿತ್ತು, ಮೆಂತ್ಯೆ, ಹಸಿ ಅವರೆಕಾಳು, ತೊಗರಿಕಾಳು, ಗಜ್ಜರಿಗಳ ಜೊತೆ ಭಜ್ಜಿಗೆ ಹಾಕಿದೆ. ಕಾಳು ಅರ್ಧ ಬೆಂದ ಮೇಲೆಯೇ ಈ ಹೋಳುಗಳನ್ನು ಸೇರಿಸಬೇಕು, ಮೊದಲೇ ಹಾಕಿದರೆ ಕರಗಿಹೋಗುತ್ತವೆ. ಹುಣಸೆಹುಳಿ, ಕಡಲೆಹಿಟ್ಟು ಕೂಡಿ ಕುದಿಯುವಾಗ ಎದ್ದ ಘಮಕ್ಕೆ ನನ್ನ ತಾಯಿ ಒಲೆಯ ಬಳಿ ಬಂದು, ಅಜವಾನ ಹಾಕಿದೆಯಾ ಎಂದು ಕೇಳಿದರು. ಸಜ್ಜೆ ರೊಟ್ಟಿಯ ಜೊತೆ ಎರಡು ಸಲ ಬಡಿಸಿಕೊಂಡು ಉಂಡರು.