ಹುಡುಕುವ ಆ್ಯಪ್ ಮೊದಲು ಕನ್ನಡದಲ್ಲೇ ಹುಡುಕಲಿ

ಪದ ಬರೆಯಲು ಒಂದು ಪೆಟ್ಟಿಗೆ, ಒತ್ತಲು ಒಂದು ಗುಂಡಿ, ಉತ್ತರ ಮೂಡಲು ಕೆಳಗೊಂದು ಖಾಲಿ ಜಾಗ. ಜಾಲದಿಂದ ಮಾಹಿತಿ ಹುಡುಕಿ ತರುವ ಆ್ಯಪ್ ಒಂದನ್ನು ಹೈಸ್ಕೂಲಿನ ಮಕ್ಕಳು ಕಟ್ಟಲು ಪರದೆಯ ಮೇಲೆ ಇಷ್ಟಿದ್ದರೆ ಸಾಕು. ನಮ್ಮ ಊರುಗಳಲ್ಲಿ ನಡೆಯುವ ಕಾರ್ಯಾಗಾರಗಳಲ್ಲಿ ಇದನ್ನು ಕಲಿಸುವವರು ಸಾಮಾನ್ಯವಾಗಿ ಇಂಗ್ಲಿಷಿನ ಒಂದು ಪದವನ್ನು ಹಾಕಿಸಿ, ಉತ್ತರ ಬಂದೊಡನೆ ಚಪ್ಪಾಳೆ ತಟ್ಟಿಸಿ, ಮುಂದಿನ ಪಾಠಕ್ಕೆ ಹೋಗುತ್ತಾರೆ. ಆ ಚಪ್ಪಾಳೆ ಬೇಗನೆ ಬಂತು ಎಂಬುದು ನನ್ನ ಅಭಿಪ್ರಾಯ. ಅದೇ ಪೆಟ್ಟಿಗೆಯಲ್ಲಿ ಕನ್ನಡದ ಪದ ಬರೆದಿದ್ದರೆ, ಪ್ರಶ್ನೆ ಮತ್ತು ಉತ್ತರದ ನಡುವೆ ಇರುವ ದಾರಿಯೆಲ್ಲ ಮಕ್ಕಳ ಕಣ್ಣಿಗೆ ಬೀಳುತ್ತಿತ್ತು.

ಇದಕ್ಕೆ ನಾನು ಬಳಸುವುದು ಮೊಬೈಲ್ ಆ್ಯಪ್ ಕಟ್ಟುವ ಸಾಧನವಾದ ಎಂಐಟಿ ಆ್ಯಪ್ ಇನ್ವೆಂಟರ್. 2010ರಲ್ಲಿ ಗೂಗಲ್ ಇದನ್ನು ಹೊರತಂದಿತು. 2012ರಿಂದ ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿ ನಡೆಸುತ್ತಿದೆ. ಇದರಲ್ಲಿ ಕೋಡ್ ಬರೆಯುವ ಬದಲು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸೇರಿಸಿದರಾಯಿತು. ಜಾಲವನ್ನು ಕೇಳುವ ಕೆಲಸಕ್ಕೆ ‘ವೆಬ್’ ಎಂಬ ಘಟಕವಿದೆ, ಅದಕ್ಕೆ ಒಂದು ವಿಳಾಸ ಕೊಡಬೇಕು. ಉತ್ತರ ಕೊಡುವುದಕ್ಕೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದೆ. ಲೇಖನದ ಹೆಸರು ಹೇಳಿದರೆ ಅದರ ಸಾರಾಂಶವನ್ನು ಜೇಸನ್ ರೂಪದಲ್ಲಿ, ಅಂದರೆ ಆ್ಯಪ್‌ಗಳು ಸುಲಭವಾಗಿ ಓದಬಲ್ಲ ಪಠ್ಯವಾಗಿ, ಕೊಡುವ ವ್ಯವಸ್ಥೆ ಅಲ್ಲಿದೆ, ಓದುವವರು ದುಡ್ಡು ಕೊಡಬೇಕಾಗಿಲ್ಲ, ಖಾತೆಯನ್ನೂ ತೆರೆಯಬೇಕಾಗಿಲ್ಲ.

ಈಗ ಪೆಟ್ಟಿಗೆಯಲ್ಲಿ ‘ಹಂಪಿ’ ಎಂದು ಬರೆಯಿರಿ. ನಮ್ಮ ಕಣ್ಣಿಗೆ ಅದು ಎರಡು ಅಕ್ಷರ. ಎಲ್ಲ ಲಿಪಿಗಳ ಅಕ್ಷರ-ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಹಕಾರ, ಸೊನ್ನೆ, ಪಕಾರ, ಗುಡಿಸು ಎಂದು ನಾಲ್ಕು ಸಂಕೇತಗಳು. ಆ ಸಂಕೇತಗಳನ್ನು ಗಣಕದ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಒಟ್ಟು 12 ಬೈಟ್. ವಿಳಾಸದೊಳಗೆ ಹೋಗುವಾಗ ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ ಇಲ್ಲವೇ ಇಂಗ್ಲಿಷ್ ಅಕ್ಷರಗಳಾಗಿ ಬದಲಾಗಬೇಕು, ಆದ್ದರಿಂದ ‘ಹಂಪಿ’ 36 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಈ ಪರಿವರ್ತನೆಗೆ ಸಿದ್ಧವಾದ ತುಂಡೊಂದು ಆ್ಯಪ್ ಇನ್ವೆಂಟರ್‌ನಲ್ಲೇ ಇದೆ. ಆದರೆ ಅದನ್ನು ಸುಮ್ಮನೆ ಜೋಡಿಸಿಬಿಡಬಾರದು, ಅದರಿಂದ ಹೊರಬರುವುದನ್ನು ಪರದೆಯ ಮೇಲೆ ತೋರಿಸಿ, ಮಕ್ಕಳೇ ಎಣಿಸುವಂತೆ ಮಾಡಬೇಕು. ಇಂಗ್ಲಿಷ್ ಪದ ಹಾಕಿದಾಗ ಏನೂ ಬದಲಾಗದೆ ಹಾದುಹೋಗುವುದರಿಂದ ಇಂಥದ್ದೊಂದು ಹೆಜ್ಜೆ ಇದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ.

ನಿಜವಾದ ಸೊಗಸು ಇರುವುದು ಮುಂದೆ. ‘ಹಂಪಿಯಲ್ಲಿ’ ಎಂದು ಬರೆದರೆ ಲೇಖನ ಸಿಗುವುದಿಲ್ಲ, ಏಕೆಂದರೆ ಆ ಹೆಸರಿನ ಪುಟವಿಲ್ಲ. ಹಾಗಾದರೆ ಕೊನೆಯ ‘ಯಲ್ಲಿ’ಯನ್ನು ಕತ್ತರಿಸಿ ಹುಡುಕೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಂಡ್ಯದಲ್ಲಿ, ಬೇಲೂರಿನಲ್ಲಿ ಎಂಬ ಪದಗಳು ಬಂದಾಗ ಆ ಕತ್ತರಿ ಸಾಲುವುದಿಲ್ಲ. ಒಂದು ಕಡೆ ನಡುವೆ ದಕಾರ ಬಂದಿದೆ, ಇನ್ನೊಂದು ಕಡೆ ‘ಇನ’ ಸೇರಿದೆ, ಅದನ್ನು ತೆಗೆದ ಮೇಲೆ ‘ಬೇಲೂರ್’ಗೆ ಉಕಾರವನ್ನು ಮರಳಿ ಕೊಡಬೇಕು. ಹಾಗೆಯೇ ‘ಹಂಪಿಗೆ’ ಎಂಬುದರಿಂದ ‘ಗೆ’ ತೆಗೆದರೆ ಹಂಪಿ ಸಿಗುತ್ತದೆ ಎಂದು ಹಿಗ್ಗಿದವರು ‘ಮಲ್ಲಿಗೆ’ ಎಂದು ಬರೆದು ನೋಡಲಿ: ಅವರ ಆ್ಯಪ್ ಹೂವನ್ನು ಬಿಟ್ಟು ಮಲ್ಲಿ ಎಂಬುವಳನ್ನು ಹುಡುಕಲು ಹೊರಡುತ್ತದೆ. ಬರೆದ ಪದವನ್ನು ಮೊದಲು ಇದ್ದಂತೆಯೇ ಕೇಳಬೇಕು, ಸಿಗದಿದ್ದಾಗ ಮಾತ್ರ ಪ್ರತ್ಯಯವನ್ನು ಮುಟ್ಟಬೇಕು ಎಂಬ ನಿಯಮಕ್ಕೆ ಮಕ್ಕಳು ತಾವಾಗಿಯೇ ಬರುತ್ತಾರೆ. ವ್ಯಾಕರಣದ ತರಗತಿಯಲ್ಲಿ ಉರುಹೊಡೆದು ಮರೆತ ವಿಭಕ್ತಿ ಮತ್ತು ಸಂಧಿ ಇಲ್ಲಿ ಆ್ಯಪ್ ನಡೆಯಲು ಬೇಕಾದ ಸಾಮಗ್ರಿಯಾಗುತ್ತವೆ. ಕನ್ನಡದ ಶಿಕ್ಷಕರನ್ನು ಗಣಕದ ಕೋಣೆಗೆ ಕರೆಯಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ನಿಘಂಟಿನ ಆ್ಯಪ್ ಮಾಡಹೊರಟವರಿಗೂ ಪ್ರತ್ಯಯದ ಇದೇ ಪ್ರಶ್ನೆ ಎದುರಾಗುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ದುಡಿದು ಕೂಡಿಸಿದ, 1.5 ಲಕ್ಷದಷ್ಟು ಪದಗಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ದೊರೆಯುತ್ತಿದೆ. ಹಾಗೆ ಕೊಟ್ಟವರ ಹೆಸರು ಮಕ್ಕಳ ಆ್ಯಪ್‌ನ ಪರದೆಯ ಮೇಲೆ ಇರಲೇಬೇಕು. ವಿಕಿಪೀಡಿಯದ ಬರಹಕ್ಕೂ ಇದೇ ಮಾತು ಸಲ್ಲುತ್ತದೆ, ಮೂಲವನ್ನು ಹೆಸರಿಸಬೇಕೆಂಬುದು ಅದರ ಪರವಾನಗಿಯ ಷರತ್ತು. ಉತ್ತರದ ಕೆಳಗೆ ಒಂದು ಸಾಲು ಸೇರಿಸಲು ಎರಡು ನಿಮಿಷವೂ ಬೇಡ, ಆದರೂ ನಾನು ನೋಡಿದ ವಿದ್ಯಾರ್ಥಿಗಳ ಆ್ಯಪ್‌ಗಳಲ್ಲಿ ಹೆಚ್ಚಿನವು ಈ ಸಾಲನ್ನು ಬಿಟ್ಟಿದ್ದವು. ಅವರಿಗೆ ಯಾರೂ ಹೇಳಿರಲಿಲ್ಲ, ಪಾಠ ಹೇಳುವ ನಮ್ಮದೇ ತಪ್ಪು.

ಇನ್ನು ಉತ್ತರ ಬಾರದಿದ್ದಾಗಿನ ಮಾತು. ಮಕ್ಕಳು ಎಲ್ಲಕ್ಕೂ ‘ದೋಷ’ ಎಂಬ ಒಂದೇ ಪದ ಬರೆದುಬಿಡುತ್ತಾರೆ. ಆದರೆ ಜಾಲದ ಸಂಪರ್ಕವೇ ಇಲ್ಲದಿರುವುದು ಬೇರೆ, ಉತ್ತರ ಕೊಡುವ ಕಡೆಯ ಗಣಕವಾದ ಸರ್ವರ್ ನಮ್ಮ ಪ್ರಶ್ನೆಯನ್ನು ಕೇಳಿಸಿಕೊಂಡು ಅಂಥ ಪುಟವಿಲ್ಲ ಎನ್ನುವುದು ಬೇರೆ. ಎರಡನೆಯದಕ್ಕೆ 404 ಎಂಬ ಸಂಖ್ಯೆ ಬರುತ್ತದೆ, ಮೊದಲನೆಯದಕ್ಕೆ ಯಾವ ಉತ್ತರವೂ ಬರುವುದಿಲ್ಲ, ಆ್ಯಪ್ ಇನ್ವೆಂಟರ್ ತಾನೇ ದೋಷದ ಸೂಚನೆ ಕೊಡುತ್ತದೆ. ಈ ಎರಡನ್ನು ಬೇರ್ಪಡಿಸಿ, ಬಳಸುವವರಿಗೆ ಅರ್ಥವಾಗುವ ಕನ್ನಡದಲ್ಲಿ ಎರಡು ಸಂದೇಶ ಬರೆಯುವಂತೆ ಹೇಳಬೇಕು. ಮಕ್ಕಳು ಯಾವಾಗಲೂ ಮೊದಲು ಹುಡುಕುವುದು ತಮ್ಮ ಊರನ್ನೇ, ಎಷ್ಟೋ ಊರುಗಳಿಗೆ ಸಿಗುವುದು 404. ಆಗ ‘ದೋಷ’ ಎಂಬ ಪದ ಆ ಊರಿನ ಮಗುವಿಗೆ ತಪ್ಪು ತನ್ನದೇ ಎಂದು ಹೇಳಿದಂತಾಗುತ್ತದೆ. ಅದರ ಬದಲು ‘ಈ ಹೆಸರಿನ ಲೇಖನ ಕನ್ನಡ ವಿಕಿಪೀಡಿಯದಲ್ಲಿ ಇನ್ನೂ ಇಲ್ಲ’ ಎಂದು ತೋರಿಸಿ, ಅದರ ಪಕ್ಕದಲ್ಲಿ ಆ ಲೇಖನವನ್ನು ಬರೆಯಲು ಆರಂಭಿಸುವ ಪುಟಕ್ಕೆ ಕರೆದೊಯ್ಯುವ ಎರಡನೆಯ ಗುಂಡಿಯೊಂದನ್ನು ಮಕ್ಕಳೇ ಇಡಲಿ.