ಒತ್ತೆಯಿಟ್ಟ ಹೊದಿಕೆ: ಸೆರೆಗೆ ಮುಂಚಿನ ಹೀಬ್ರೂ ಪ್ರವಾದಿಗಳು

ಕೇಳುಗರಿಗೆ ನಮಸ್ಕಾರ.

ಒಂದು ಮಡಕೆ ಚೂರಿನಿಂದ ಮಾತು ಶುರು ಮಾಡುತ್ತೇನೆ. 1960ರಲ್ಲಿ ಇಸ್ರೇಲಿನ ಕರಾವಳಿಯಲ್ಲಿ, ಯಾವ್ನೆ-ಯಾಮ್ ಎಂಬಲ್ಲಿಗೆ ಹತ್ತಿರದ ಹಾಳುಕೋಟೆಯೊಂದನ್ನು ಅಗೆಯುವಾಗ ಸಿಕ್ಕಿದ ಚೂರು ಅದು. ಅದರ ಮೇಲೆ ಮಸಿಯಲ್ಲಿ ಬರೆದ ಹೀಬ್ರೂ ಸಾಲುಗಳಿವೆ. ಕ್ರಿಸ್ತಪೂರ್ವ ಏಳನೆಯ ಶತಮಾನದ ಕೊನೆಯ ಹೊತ್ತಿಗೆ ಒಬ್ಬ ಕೊಯ್ಲಿನ ಆಳು ಕೋಟೆಯ ಅಧಿಕಾರಿಗೆ ಕೊಟ್ಟ ಅರ್ಜಿ ಅದು. ಒಡೆಯಾ, ನನ್ನ ಪಾಲಿನ ಕೊಯ್ಲು ಮುಗಿಸಿದ್ದೇನೆ, ಆದರೂ ಶೋಬಯನ ಮಗ ಹೋಶಯಾಹು ಬಂದು ನನ್ನ ಬಟ್ಟೆ ಕಿತ್ತುಕೊಂಡು ಹೋದ. ಸುಡುಬಿಸಿಲಲ್ಲಿ ನನ್ನ ಜೊತೆ ಕೊಯ್ದವರೆಲ್ಲ ನನ್ನ ಪರವಾಗಿ ಸಾಕ್ಷಿ ಹೇಳುತ್ತಾರೆ. ನನ್ನ ಬಟ್ಟೆ ನನಗೆ ಕೊಡಿಸಿ. ಇದು ಅದರ ತಾತ್ಪರ್ಯ. ಚೂರಿನ ಕೊನೆ ಮುರಿದುಹೋಗಿದೆ. ಕಿತ್ತುಕೊಂಡವನ ಹೆಸರು ಉಳಿಯಿತು, ಕಳೆದುಕೊಂಡವನ ಹೆಸರು ಉಳಿಯಲಿಲ್ಲ.

ಆ ಬಟ್ಟೆಗೇಕೆ ಅಷ್ಟು ಗೋಳು ಅಂದರೆ, ಬಡವನಿಗೆ ಹಗಲು ಉಡುಪೂ ಅದೇ, ರಾತ್ರಿ ಹೊದಿಕೆಯೂ ಅದೇ. ಆ ಜನರ ಧರ್ಮಶಾಸ್ತ್ರದಲ್ಲಿ ಇದಕ್ಕೆಂದೇ ಒಂದು ಕಟ್ಟಳೆ ಇತ್ತು. ನೆರೆಯವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ತಿರುಗಿ ಕೊಡಬೇಕು. ಇಲ್ಲದಿದ್ದರೆ ಅವನು ಏನು ಹೊದ್ದು ಮಲಗಿಯಾನು ಎಂದು ಕಟ್ಟಳೆಯೇ ಕೇಳುತ್ತದೆ. ಆ ಅರ್ಜಿಗೆ ಶತಮಾನಕ್ಕೂ ಹಿಂದೆ ಆಮೋಸನೆಂಬ ಕುರಿಗಾರ ಇದೇ ಹೊದಿಕೆಯ ಮಾತನ್ನು ಎತ್ತಿದ್ದ: ಒತ್ತೆಗೆ ಕಸಿದುಕೊಂಡ ಬಟ್ಟೆಗಳನ್ನು ಹಾಸಿಕೊಂಡು ನೀವು ಬಲಿಪೀಠಗಳ ಪಕ್ಕದಲ್ಲಿ ಒರಗುತ್ತೀರಿ, ಎಂದು. ದೇವರ ಮುಂದೆ ಹಾಸಿದ್ದು ಯಾರ ಮೈಮೇಲಿನ ಬಟ್ಟೆ ಎಂದು ಅವನು ಕೇಳಿದ. ಸೆರೆಗೆ, ಅಂದರೆ ಜನರನ್ನು ಬಾಬಿಲೋನಿಗೆ ಸಾಗಿಸಿದ್ದಕ್ಕೆ, ಮುಂಚಿನ ಪ್ರವಾದಿಗಳ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ ಹೆಣೆದುಕೊಂಡಿದೆ ಎಂದು ನನಗೆ ಅನ್ನಿಸುತ್ತದೆ.

ಪ್ರವಾದಿ ಅಂದ ಕೂಡಲೇ ಭವಿಷ್ಯ ಹೇಳುವವನು ಎಂದುಕೊಳ್ಳುತ್ತೇವೆ. ಕನ್ನಡದ ಆ ಪದವನ್ನೇ ಬಿಡಿಸಿ ನೋಡಿ, ಅದರೊಳಗಿರುವುದು ‘ವದ್’, ನುಡಿಯುವುದು. ಮುಂದೆ ಬಂದು ನಿಂತು ನುಡಿಯುವವನು. ಈ ಪ್ರವಾದಿಗಳು ಓದಿದ್ದು ನಕ್ಷತ್ರಗಳನ್ನಲ್ಲ. ಸಂತೆಯ ತಕ್ಕಡಿ, ಊರಬಾಗಿಲಿನ ನ್ಯಾಯಪಂಚಾಯಿತಿ, ದೊಡ್ಡವರ ಮನೆಯ ಮಂಚ, ಇವನ್ನು ಓದಿದರು.

ಆಮೋಸ ದಕ್ಷಿಣದ ಯೆಹೂದ ರಾಜ್ಯದ ತೆಕೋವದವನು. ಬೇತ್ಲೆಹೇಮಿನ ದಕ್ಷಿಣಕ್ಕೆ, ಮರುಭೂಮಿಯ ಅಂಚಿನಲ್ಲಿರುವ ಊರು. ಕುರಿಯ ಜೊತೆಗೆ ಅವನಿಗೆ ಇನ್ನೊಂದು ಕಸುಬಿತ್ತು, ಅತ್ತಿಹಣ್ಣಿನದು. ನಮ್ಮ ಅತ್ತಿಯ ಬಳಗದ್ದೇ ಮರ ಅದು, ಕಾಯಿ ಬೊಡ್ಡೆಗೂ ಕೊಂಬೆಗೂ ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತದೆ. ಆ ಕಾಯಿಗೆ ಚೂರಿಯಲ್ಲಿ ಸಣ್ಣ ಗೀರು ಹಾಕಬೇಕು, ಆಗ ಬೇಗ ಮಾಗುತ್ತದೆ. ಮರ ಹತ್ತಿ ಒಂದೊಂದೇ ಕಾಯಿಯನ್ನು ಗೀರುತ್ತ ಹೋಗುವುದು ಬಡವರ ಕೆಲಸ, ಹಣ್ಣೂ ಬಡವರ ಹಣ್ಣು. ಆ ಕೈಯವನು ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋಗಿ ಬೇತೇಲಿನ ಗುಡಿಯಲ್ಲಿ ನಿಂತ.

ಅದು ಅಲ್ಲಿಯ ಅರಸ ಎರಡನೆಯ ಯಾರೊಬ್ಬಾಮನ ಕಾಲ, ಕ್ರಿಸ್ತಪೂರ್ವ ಎಂಟನೆಯ ಶತಮಾನದ ನಡುಭಾಗ. ಗಡಿ ಹಿಗ್ಗಿತ್ತು, ವ್ಯಾಪಾರ ಕುದುರಿತ್ತು. ರಾಜಧಾನಿ ಸಮಾರ್ಯವನ್ನು ಕಳೆದ ಶತಮಾನದಲ್ಲಿ ಅಗೆದಾಗ ಪೀಠೋಪಕರಣಗಳಿಗೆ ಕೂರಿಸುತ್ತಿದ್ದ ದಂತದ ಕೆತ್ತನೆಗಳು ರಾಶಿಯಾಗಿ ಸಿಕ್ಕವು. ದಂತದ ಮಂಚಗಳ ಮೇಲೆ ಮಲಗುವವರೇ ಎಂದು ಆಮೋಸ ಕೂಗಿದ್ದು ಬರೀ ಅಲಂಕಾರದ ಮಾತಾಗಿರಲಿಲ್ಲ. ಹಬ್ಬ ಯಾವಾಗ ಮುಗಿದೀತು, ಕಾಳು ಮಾರುವುದು ಯಾವಾಗ ಎಂದು ಚಡಪಡಿಸುವ ವರ್ತಕರನ್ನು ಅವನು ಹೆಸರಿಡದೆ ತೋರಿಸಿದ. ಕೊಳಗವನ್ನು ಕಿರಿದು ಮಾಡುತ್ತಾರೆ, ತೂಕದ ಕಲ್ಲನ್ನು ಭಾರ ಮಾಡುತ್ತಾರೆ, ಗೋಧಿಯ ಜೊಳ್ಳನ್ನೂ ಮಾರುತ್ತಾರೆ, ಒಂದು ಜೊತೆ ಕೆರದ ಬೆಲೆಗೆ ಬಡವನನ್ನೇ ಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಹಬ್ಬ ನನಗೆ ಬೇಡ, ನಿಮ್ಮ ಹಾಡಿನ ಗದ್ದಲ ಬೇಡ, ನ್ಯಾಯ ನೀರಿನಂತೆ ಹರಿಯಲಿ, ಧರ್ಮ ಬತ್ತದ ಹೊಳೆಯಾಗಲಿ ಎಂದು ದೇವರ ಪರವಾಗಿ ನುಡಿದ. ಬತ್ತದ ಹೊಳೆ ಎಂಬ ಮಾತಿನ ಬೆಲೆ ತೆಕೋವದಂಥ ಊರಿನವನಿಗೆ ಗೊತ್ತು. ಅಲ್ಲಿಯ ಹಳ್ಳಗಳು ಮಳೆ ಬಂದಾಗ ಭೋರ್ಗರೆದು ಹರಿಯುತ್ತವೆ, ಆಮೇಲೆ ವರ್ಷವಿಡೀ ಬರೀ ಕಲ್ಲು. ಹಬ್ಬಕ್ಕೊಮ್ಮೆ ಉಕ್ಕಿ ಬತ್ತುವ ಭಕ್ತಿಯನ್ನು ಅವನು ಆ ಹಳ್ಳಗಳಲ್ಲಿ ಕಂಡಿರಬೇಕು.

ಗುಡಿಯ ಪೂಜಾರಿ ಅಮಚ್ಯ ಅವನನ್ನು ಓಡಿಸಿದ. ಇದು ಅರಸನ ಗುಡಿ, ನಿನ್ನ ಊರಿಗೆ ಹೋಗಿ ಅಲ್ಲಿ ಪ್ರವಾದನೆ ಮಾಡಿ ಹೊಟ್ಟೆ ಹೊರೆದುಕೋ, ಎಂದ. ನಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲ, ಮಂದೆ ಕಾಯುತ್ತಿದ್ದವನನ್ನು ದೇವರು ಎಳೆದುಕೊಂಡು ಬಂದ ಎಂದು ಆಮೋಸ ಉತ್ತರ ಕೊಟ್ಟ. ಕ್ರಿಸ್ತಪೂರ್ವ 722ರ ಸುಮಾರಿಗೆ ಸಮಾರ್ಯ ಅಶ್ಶೂರ್ಯರ ಕೈಗೆ ಬಿತ್ತು. ಅಲ್ಲಿಂದ 27,290 ಜನರನ್ನು ಸಾಗಿಸಿದೆ ಎಂದು ಅಶ್ಶೂರ್ಯರ ಅರಸ ಎರಡನೆಯ ಸರ್ಗೋನ ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ.

ಅದೇ ಉತ್ತರದಲ್ಲಿ ಹೋಶೇಯ ತನ್ನ ಮುರಿದ ಸಂಸಾರದ ನೋವಿನಿಂದಲೇ ಮಾತಾಡಿದ, ಬಲಿ ಬೇಡ, ಕರುಣೆ ಬೇಕು ಎಂದ. ದಕ್ಷಿಣದ ಯೆರೂಸಲೇಮಿನಲ್ಲಿ ಯೆಶಾಯ ಒಂದು ದ್ರಾಕ್ಷಿತೋಟದ ಹಾಡು ಕಟ್ಟಿದ. ಆ ಹಾಡಿನ ಕೊನೆಯ ಸಾಲು ಹೀಬ್ರೂವಿನಲ್ಲಿ ಕಿವಿಗೆ ಚುಚ್ಚುವಂತಿದೆ. ದೇವರು ‘ಮಿಷ್ಪಾಟ್’, ಅಂದರೆ ನ್ಯಾಯ, ಎದುರುನೋಡಿದ, ಸಿಕ್ಕಿದ್ದು ‘ಮಿಸ್ಪಾಖ್’, ರಕ್ತಪಾತ. ‘ತ್ಸೆದಾಕಾ’, ಧರ್ಮ, ಬೇಕೆಂದ, ಕೇಳಿಸಿದ್ದು ‘ತ್ಸೆಆಕಾ’, ಗೋಳಾಟ. ಒಂದೆರಡು ಅಕ್ಷರ ಹೊರಳಿದರೆ ನ್ಯಾಯ ನೆತ್ತರಾಗುತ್ತದೆ. ಮನೆಗೆ ಮನೆ ಕೂಡಿಸಿ, ಹೊಲಕ್ಕೆ ಹೊಲ ಸೇರಿಸಿ, ಊರಲ್ಲಿ ಬೇರೆಯವರಿಗೆ ಜಾಗವೇ ಇಲ್ಲದಂತೆ ಮಾಡುವವರಿಗೆ ಧಿಕ್ಕಾರ ಎಂಬ ಮಾತೂ ಅವನದೇ.

ಮೀಕ ಹಳ್ಳಿಯವನು, ಬೆಟ್ಟದ ತಪ್ಪಲಿನ ಮೋರೆಷೆತಿನವನು. ತೀರ್ಪಿಗೆ ಲಂಚ, ಉಪದೇಶಕ್ಕೆ ಕೂಲಿ, ಕಣಿಗೆ ಕಾಸು, ಇಷ್ಟಾದ ಮೇಲೂ ದೇವರು ನಮ್ಮ ನಡುವೆ ಇದ್ದಾನೆ, ನಮಗೇನೂ ಆಗದು ಅನ್ನುತ್ತೀರಲ್ಲ ಎಂದು ಕೇಳಿದ. ಯೆರೂಸಲೇಮಿನ ಚಿಯೋನ್ ಗುಡ್ಡವನ್ನು ಹೊಲದಂತೆ ಉಳುತ್ತಾರೆ, ಯೆರೂಸಲೇಮು ಹಾಳುದಿಬ್ಬವಾಗುತ್ತದೆ ಎಂದುಬಿಟ್ಟ. ಈ ಮಾತು ಮುಂದೆ ಏನಾಯಿತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಸುಮಾರು ನೂರು ವರ್ಷದ ನಂತರ, ಯೆಹೂದದ ಅರಸ ಯೆಹೋಯಾಕೀಮನ ಆಳ್ವಿಕೆಯ ಮೊದಲಲ್ಲಿ, ಪ್ರವಾದಿ ಯೆರೆಮೀಯ ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ನಿಂತು ಈ ಗುಡಿಯೂ ಹಾಳಾಗುತ್ತದೆ ಎಂದಾಗ ಪೂಜಾರಿಗಳು ಅವನನ್ನು ಹಿಡಿದು, ಸಾಯಲೇಬೇಕು ಎಂದು ಕೂಗಿದರು. ಆಗ ನಾಡಿನ ಕೆಲವು ಹಿರಿಯರು ಎದ್ದು ನಿಂತರು. ಮೀಕನೂ ಹೀಗೆಯೇ ಹೇಳಿದ್ದ, ಅರಸ ಹಿಜ್ಕೀಯ ಅವನನ್ನು ಕೊಂದನೇ? ದೇವರಿಗೆ ಅಂಜಿ ಬೇಡಿಕೊಳ್ಳಲಿಲ್ಲವೇ? ಎಂದರು. ಮೀಕನ ಮಾತನ್ನು ಶಬ್ದಶಃ ಎತ್ತಿ ಹೇಳಿದರು. ಹಳ್ಳಿಯವನೊಬ್ಬನ ಮಾತನ್ನು ನೂರು ವರ್ಷ ಜನ ನೆನಪಿನಲ್ಲಿ ಇಟ್ಟುಕೊಂಡದ್ದರಿಂದ ಇನ್ನೊಬ್ಬನ ಜೀವ ಉಳಿಯಿತು. ಪ್ರತಿ ಸಲ ಓದುವಾಗಲೂ ಈ ಜಾಗದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. ಅದೇ ಮಾತು ಆಡಿದ ಊರೀಯನೆಂಬ ಪ್ರವಾದಿಯನ್ನು ಯೆಹೋಯಾಕೀಮ ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹಿಡಿದು ತರಿಸಿ ಕೊಲ್ಲಿಸಿದ.

ಈ ಅರಸನಿಗೆ ಅರಮನೆ ಕಟ್ಟಿಸುವ ಹುಚ್ಚು. ದೇವದಾರಿನ ಹಲಗೆ, ಅಗಲ ಕಿಟಕಿ, ಕೆಂಪು ಬಣ್ಣ, ಆದರೆ ದುಡಿದವರಿಗೆ ಕೂಲಿಯಿಲ್ಲ. ಯೆರೆಮೀಯ ನೇರವಾಗಿ ಕೇಳಿದ: ದೇವದಾರು ಹೆಚ್ಚಾದರೆ ಅರಸನಾಗುತ್ತೀಯಾ? ನಿನ್ನ ತಂದೆ ಉಂಡ, ಕುಡಿದ, ಬಡವನ ನ್ಯಾಯವನ್ನೂ ವಿಚಾರಿಸಿದ. ನನ್ನನ್ನು ಅರಿಯುವುದೆಂದರೆ ಅದೇ ಅಲ್ಲವೇ, ಅನ್ನುತ್ತಾನೆ ದೇವರು. ತಂದೆ ಎಂದರೆ ಯೋಷೀಯ. ಮೊದಲು ಹೇಳಿದ ಆ ಮಡಕೆ ಚೂರೂ ಬಹುಶಃ ಅವನ ಕಾಲದ್ದೇ.

ಕ್ರಿಸ್ತಪೂರ್ವ 604ರ ಚಳಿಗಾಲ. ಯೆರೆಮೀಯ ಹೇಳಿ ಅವನ ಬರಹಗಾರ ಬಾರೂಕ ಬರೆದ ಸುರುಳಿ ಅರಮನೆಗೆ ಬಂತು. ಅರಸನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಒಬ್ಬ ನಿಂತು ಓದುತ್ತಿದ್ದ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಅಷ್ಟನ್ನು ಬರಹಗಾರರ ಚೂರಿಯಿಂದ ಕೊಯ್ದು ಬೆಂಕಿಗೆ ಹಾಕಿದರು, ಸುರುಳಿ ಮುಗಿಯುವ ತನಕ. ಮೂವರು ಬೇಡ ಎಂದರೂ ಅರಸ ಕೇಳಲಿಲ್ಲ. ಹದಿನೆಂಟು ವರ್ಷದಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ದಂಡು ಅರಮನೆಯನ್ನೂ ಗುಡಿಯನ್ನೂ ಸುಟ್ಟು ಜನರನ್ನು ಬಾಬಿಲೋನಿಗೆ ಸಾಗಿಸಿತು.

ಸುರುಳಿ ಸುಟ್ಟ ಸುದ್ದಿ ತಿಳಿದ ಮೇಲೆ ಯೆರೆಮೀಯ ಇನ್ನೊಂದು ಸುರುಳಿ ತೆಗೆದುಕೊಂಡ. ಮೊದಲಿನ ಮಾತುಗಳನ್ನೆಲ್ಲ ಮತ್ತೆ ಹೇಳಿದ, ಬಾರೂಕ ಮತ್ತೆ ಬರೆದ. ಅಂಥವೇ ಇನ್ನೂ ಎಷ್ಟೋ ಮಾತುಗಳು ಅದಕ್ಕೆ ಸೇರಿದವು ಎನ್ನುತ್ತದೆ ಯೆರೆಮೀಯನ ಗ್ರಂಥ.

ನಮಸ್ಕಾರ.